ಬಮ್ಮಿಗಟ್ಟಿಯಲ್ಲಿ ಒಂದೂವರೆ ದಿನ, ಎರಡು ಗಾಲಿ

ಬಮ್ಮಿಗಟ್ಟಿಗೆ ನಾನು ಹೋಗಿದ್ದು ಊರು ನೋಡಾಕಲ್ಲ. ತಮ್ಮನ ಲಾರಿ ಗೋವಿನಜೋಳದ ಬಾಡಿಗೆಗೆ ಹೊರಟಿತ್ತು. ಕಲಘಟಗಿಯಲ್ಲಿ ನನಗೊಂದು ತೊಟ್ಟಿಲು ನೋಡುವುದಿತ್ತು. ಮಗಳಿಗೆ ಏಳು ತಿಂಗಳು ತುಂಬಿತ್ತು ನೋಡ್ರಿ, ಕಲಘಟಗಿ ತೊಟ್ಟಿಲು ಬಿಟ್ಟು ಬೇರೆ ತೊಟ್ಟಿಲಿನ ಮಾತೇ ನಮ್ಮ ಮನ್ಯಾಗ ಇಲ್ಲ. ದಾರಿ ಹೆಂಗೂ ಒಂದೇ ಅಂತ ಕ್ಯಾಬಿನ್ ಹತ್ತಿ ಕುಂತೆ.

ಅಣ್ಣಿಗೇರಿ ಬಿಟ್ಟು ಹುಬ್ಬಳ್ಳಿ ಮುಟ್ಟುವವರೆಗೆ ಎರಡೂ ಕಡೆ ಎರಿ ಹೊಲ. ಮರ ಅಂದ್ರ ಎಣಿಸಿ ನೆಟ್ಟಂಗ ಅಲ್ಲೊಂದು ಇಲ್ಲೊಂದು. ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಮೂವತ್ತು ಕಿಲೋಮೀಟರ್ ಸುಮಾರಿಗೆ ಕಲಘಟಗಿ. ಅಷ್ಟರಲ್ಲಿ ಮಣ್ಣು ಕೆಂಪಾಗಿರುತ್ತದೆ, ಭತ್ತದ ಗದ್ದೆ ಬರುತ್ತವೆ, ಕೆರೆ ಬರುತ್ತವೆ, ಮಾವಿನ ತೋಪು ಬರುತ್ತವೆ, ದೂರದಲ್ಲಿ ಕಾಡಿನ ಅಂಚು ಕಾಣುತ್ತದೆ. ಜಿಲ್ಲೆ ಒಂದೇ. ಆದರೆ ನವಲಗುಂದ, ಅಣ್ಣಿಗೇರಿಯವರಿಗೆ ಇದು ಆಗಲೇ ಮಲೆನಾಡು, ಶಿರಸಿ ಕಡೆಯವರಿಗೆ ಇದಿನ್ನೂ ಬಯಲುಸೀಮೆ. ಬಮ್ಮಿಗಟ್ಟಿ ಇದೇ ತಾಲೂಕಿನ ಊರು. ನಮ್ಮ ಕಡೆ ರೊಟ್ಟಿ ಮುಂದ, ಅನ್ನ ಹಿಂದ. ಇಲ್ಲಿ ಅನ್ನಕ್ಕೂ ಅಷ್ಟೇ ಮರ್ಯಾದೆ. ರಾತ್ರಿ ಜೋಳದ ಮಾಲೀಕರ ಮನೆಯಲ್ಲೇ ಉಂಡು, ಹಿಂದಿನ ಪಡಸಾಲೆಯಲ್ಲಿ ಮಲಗಿದೆವು. ನವೆಂಬರ್ ಚಳಿ, ಅಂಗಳದ ತುಂಬ ಒಣಹಾಕಿದ ಜೋಳದ ವಾಸನೆ.

ಲಾರಿ ಬಗ್ಗೆ ಎರಡು ಮಾತು ಹೇಳಬೇಕು. 1988ರಲ್ಲಿ ಅಪ್ಪ ತೊಗೊಂಡ ಟಾಟಾ 1210. 12 ಅಂದರೆ ಹೊರೆ ಸೇರಿ 12 ಟನ್ ತೂಕ, 10 ಅಂದರೆ ನೂರು ಕುದುರೆ ಶಕ್ತಿ. ಅಪ್ಪ ಇವತ್ತಿಗೂ ಅದಕ್ಕೆ ‘ಬೆಂಜ್’ ಅನ್ನುತ್ತಾರೆ. ಟಾಟಾದವರು 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ. ಆ ಒಪ್ಪಂದ 1969ಕ್ಕೇ ಮುಗಿಯಿತು, ಹೆಸರು ಮಾತ್ರ ಹಳೇ ಡ್ರೈವರುಗಳ ಬಾಯಲ್ಲಿ ಉಳಿಯಿತು. ಈಗ ನಮ್ಮ ಧಾರವಾಡದ ಬೇಲೂರ ಕೈಗಾರಿಕಾ ಪ್ರದೇಶದಲ್ಲೇ ಟಾಟಾದ ಕಾರ್ಖಾನೆ ಇದೆ, ಬಸ್ಸಿನ ಬಾಡಿಗಳೂ ಅಲ್ಲೇ ತಯಾರಾಗುತ್ತವೆ. ಆ ಹೊಸ ಗಾಡಿಗಳ ಮುಂದ ನಮ್ಮದು ಅಜ್ಜನಂಗ. ವರ್ಷಾ ಎಫ್.ಸಿ. ಮಾಡಿಸಬೇಕು, ಪ್ರತಿ ಸಲ ತಮ್ಮ “ಈ ಸಲ ಗುಜರಿಗೆ ಕೊಟ್ಟುಬಿಡ್ತೀನಿ” ಅಂತಾನೆ. ಪ್ರತಿ ಸಲ ಅಪ್ಪ ಎರಡು ದಿನ ಮಾತು ಬಿಡ್ತಾರೆ.

ಬೆಳಿಗ್ಗೆ ಚೀಲ ಏರಿಸುವ ಮೊದಲು ತಮ್ಮ ಒಂದು ಸುತ್ತು ಹಾಕಿ ಟೈರಿಗೆ ಪಾನಾದಿಂದ ಬಡಿದು ನೋಡುತ್ತಾನೆ. ಅದು ಅಪ್ಪ ಕಲಿಸಿದ ರೂಢಿ. ಬಲಗಡೆಯ ಮುಂದಿನ ಗಾಲಿ ಹತ್ತಿರ ಬಂದವನು ಹಂಗೇ ಕುಕ್ಕರಗಾಲಿನಲ್ಲಿ ಕುಂತುಬಿಟ್ಟ. ಮೂರು ಸ್ಟಡ್ ಮುರಿದಿದ್ದವು. ನಟ್ಟು ಸಮೇತ ಎಲ್ಲಿ ಬಿದ್ದಿವೆಯೋ. ಇನ್ನೆರಡು ನಟ್ಟಿನ ಬುಡದಿಂದ ಕೆಂಪು ತುಕ್ಕಿನ ಗೆರೆ ಹೊರಮುಖವಾಗಿ ಹರಿದಿತ್ತು.

ಅಂಗಳದಲ್ಲಿದ್ದ ಹಮಾಲರಲ್ಲಿ ಒಬ್ಬರು “ಉಳದವು ಬಿಗದು ಹುಬ್ಬಳ್ಳಿ ಮುಟ್ಟಿಸಿಬಿಡ್ರಿ, ಮೂವತ್ತು ಕಿಲೋಮೀಟರಿಗೆ ಏನಾಕ್ಕೈತಿ” ಅಂದರು. ಹಿಂಗ ಅನ್ನುವವರು ಎಲ್ಲಾ ಊರಾಗೂ ಇರ್ತಾರ. ಅದೃಷ್ಟಕ್ಕೆ ಜೋಳದ ಮಾಲೀಕರು ಊರಿನ ಮಿಸ್ತ್ರಿಗೆ ಹೇಳಿ ಕಳಿಸಿದರು. ಅರವತ್ತು ದಾಟಿದ ಮನುಷ್ಯ. ತಗಡಿನ ಚಪ್ಪರದ ಕೆಳಗೆ ಟ್ರ್ಯಾಕ್ಟರ್ ಟ್ರೇಲರುಗಳನ್ನು ರಿಪೇರಿ ಮಾಡುವವರು, ವಯಸ್ಸಿನಲ್ಲಿ ಹುಬ್ಬಳ್ಳಿಯ ಲಾರಿ ಗ್ಯಾರೇಜುಗಳಲ್ಲಿ ದುಡಿದವರಂತೆ. ಬಂದವರು ಏನೂ ಮಾತಾಡದೆ ರಿಮ್ಮಿನ ರಂಧ್ರದಲ್ಲಿ ಬೆರಳು ಹಾಕಿ ತಿರುಗಿಸಿದರು. ಎರಡು ರಂಧ್ರ ದುಂಡಗಿರಲಿಲ್ಲ, ತತ್ತಿಯಂತೆ ಉದ್ದಕ್ಕೆ ಸವೆದಿದ್ದವು.

“ರಿಮ್ಮೂ ಹೋತ್ರಿ. ಸ್ಟೆಪ್ನಿ ರಿಮ್ ಹಾಕೋಣ. ಲೋಡ್ ಈಗ ಬ್ಯಾಡ.”

“ನಾಳೆ ಸಂಜೀಕ ಅಮರಗೋಳ ಎಪಿಎಂಸಿ ಮುಟ್ಟಬೇಕ್ರಿ,” ತಮ್ಮ ರಾಗ ಎಳೆದ.

“ಮುಟ್ಟೂಣಂತ. ನಮ್ಮೂರ ಹೆಸರಿನ್ಯಾಗ ಗಟ್ಟಿ ಐತಿ, ಇಲ್ಲಿಂದ ಗಾಲಿ ಸಡ್ಲ ಇಟ್ಟು ಹೆಂಗ ಕಳಸೂದು?”

ಗಾಡಿಯನ್ನು ಅವರ ಚಪ್ಪರದ ಮುಂದಿನ ಗಟ್ಟಿ ನೆಲಕ್ಕೆ ಹೆಜ್ಜೆ ನಡಿಗೆಯಲ್ಲಿ ತಂದೆವು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿದರು. ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕುವುದಿಲ್ಲ ಅಂತ ಅವರ ನೇಮ. ದಿಮ್ಮಿಯ ಮೇಲೆ ಕುಂತ ಮೇಲೆಯೇ ನಟ್ಟಿಗೆ ಪಾನಾ ಹಾಕಿದ್ದು.

ಸ್ಟಡ್ ಅಂದರೆ ಹಬ್ಬಿನಿಂದ ಹೊರಗೆ ಚಾಚಿಕೊಂಡಿರುವ ದಪ್ಪ ಬೋಲ್ಟು. ಗಾಲಿಯ ರಿಮ್ಮು ಅವುಗಳ ಮೇಲೆ ಕುಂತು, ನಟ್ಟಿನಿಂದ ಬಿಗಿಯುತ್ತದೆ. ನಾನು ತಿಳಿದಿದ್ದು ಗಾಡಿಯ ಭಾರವನ್ನು ಆ ಬೋಲ್ಟುಗಳೇ ಹೊರುತ್ತವೆ ಅಂತ. ಬಹಳ ಮಂದಿ ಹಂಗೇ ತಿಳಿದಿರುತ್ತಾರೆ. ಮಿಸ್ತ್ರಿ ಎರಡು ಅಂಗೈ ಒಂದಕ್ಕೊಂದು ಒತ್ತಿ ತೋರಿಸಿದರು. ನಟ್ಟು ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ರಬ್ಬರಿನಂತೆ ವಾಪಸ್ ಎಳೆಯುತ್ತದೆ. ಆ ಎಳೆತಕ್ಕೆ ರಿಮ್ಮು ಹಬ್ಬಿನ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಭಾರ ಹೊರುವುದು ಆ ಕಚ್ಚು. ಕಚ್ಚು ಸಡಿಲಾದರೆ ರಿಮ್ಮು ಒಂದೊಂದು ಸುತ್ತಿಗೂ ಸ್ಟಡ್ಡನ್ನು ಚೂರು ಚೂರು ಬಾಗಿಸುತ್ತದೆ. ನಾನು ಗಣಿತದ ಮೇಷ್ಟ್ರು, ಲೆಕ್ಕ ಹಾಕದೆ ಇರಲಾರೆ. ಲಾರಿ ಗಾಲಿಯ ಸುತ್ತಳತೆ ಮೂರು ಮೀಟರಿಗಿಂತ ತುಸು ಹೆಚ್ಚು, ಕಿಲೋಮೀಟರಿಗೆ ಸುಮಾರು ಮುನ್ನೂರು ಸುತ್ತು. ಅಣ್ಣಿಗೇರಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಇಪ್ಪತ್ತು ಸಾವಿರ ಸಲ ಬಾಗಿರಬೇಕು. ಕಬ್ಬಿಣದ ತಂತಿಯನ್ನು ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದಲ್ಲ, ಹಂಗೇ.

ಮುರಿದ ಮುಖ ಅದನ್ನೇ ಹೇಳುತ್ತಿತ್ತು. ಹಬ್ಬಿನಲ್ಲಿ ಉಳಿದಿದ್ದ ತುಂಡನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. ಅರ್ಧಕ್ಕಿಂತ ಹೆಚ್ಚು ಭಾಗ ನುಣ್ಣಗೆ, ಕಪ್ಪಗೆ. ಉಳಿದದ್ದು ಸಕ್ಕರೆ ಹರಳಿನಂತೆ ಕಾಳು ಕಾಳು ಹೊಳಪು. ನುಣ್ಣನೆಯದು ಹಳೇ ಬಿರುಕು, ಬಹಳ ದಿನದಿಂದ ಬೆಳೆದದ್ದು. ಹೊಳಪಿನದು ನಿನ್ನೆ ಮೊನ್ನೆ ಪಟ್ಟನೆ ಮುರಿದದ್ದು.

ಸಡಿಲ ಯಾಕಾಯ್ತು? ಎರಡು ವಾರದ ಹಿಂದೆ ದಾರಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಈ ಗಾಲಿ ಬಿಚ್ಚಿ ಹಾಕಿದ್ದರು. ಉದ್ದ ಪೈಪಿಗೆ ಇಬ್ಬರು ಹುಡುಗರು ಜೋತುಬಿದ್ದು ಬಿಗಿದಿದ್ದರಂತೆ. ನನ್ನ ಲೆಕ್ಕದ ಪ್ರಕಾರ, ಅರವತ್ತು ಕಿಲೋ ಮನುಷ್ಯ ಒಂದು ಮೀಟರ್ ಪೈಪಿನ ತುದಿಗೆ ನಿಂತರೆ ಸುಮಾರು 600 ನ್ಯೂಟನ್-ಮೀಟರ್ ತಿರುಚು ಬೀಳುತ್ತದೆ. ಎರಡು ಮೀಟರ್ ಪೈಪು, ಇಬ್ಬರು ಹುಡುಗರು ಅಂದರೆ ನಾಲ್ಕು ಪಟ್ಟು. ಹಿಗ್ಗಬೇಕಾದಷ್ಟೇ ಹಿಗ್ಗಿದ ಸ್ಟಡ್ ವಾಪಸ್ ಎಳೆಯುತ್ತದೆ. ಮಿತಿ ಮೀರಿ ಹಿಗ್ಗಿದ್ದು ಸೋತುಹೋಗುತ್ತದೆ, ಎಳೆಯುವ ಶಕ್ತಿಯೇ ಇರುವುದಿಲ್ಲ. ಅದರ ಮೇಲೆ ರಿಮ್ಮಿಗೆ ದಪ್ಪಗೆ ಬಣ್ಣ ಬಳಿದಿದ್ದರು. ಬಣ್ಣದ ಪದರ ಓಡಾಟದಲ್ಲಿ ಪುಡಿಯಾಗಿ ಉದುರಿದರೆ ಅಷ್ಟು ಜಾಗ ಖಾಲಿ, ನಟ್ಟು ತಾನೇ ಸಡಿಲ. ಎಫ್.ಸಿ.ಗೆ ಚೆಂದ ಕಾಣಲಿ ಅಂತ ಬಣ್ಣ ಹಚ್ಚುವವರು ರಿಮ್ಮು ಹಬ್ಬಿಗೆ ತಾಗುವ ಮುಖವನ್ನಾದರೂ ಬಿಡಬೇಕು.

ಒಂದು ಸ್ಟಡ್ ಮುರಿದರೆ ಅದರ ಅಕ್ಕಪಕ್ಕದ ಎರಡೂ ಬದಲಿಸಬೇಕು, ಯಾಕೆಂದರೆ ಮುರಿದದ್ದರ ಭಾರ ಅವು ಹೊತ್ತಿರುತ್ತವೆ. ಎರಡು ಅಥವಾ ಹೆಚ್ಚು ಮುರಿದರೆ ಆ ಗಾಲಿಯ ಎಲ್ಲವೂ. ನಮ್ಮದು ಮೂರು. ಪೂರ್ತಿ ಸೆಟ್ಟೇ ಬೇಕಾಯ್ತು, ಅದು ಹುಬ್ಬಳ್ಳಿಯಲ್ಲೇ ಸಿಗುವುದು. ತಮ್ಮ ಮಿಸ್ತ್ರಿಗೆ ಕೈ ಹಚ್ಚಬೇಕು. “ಅಕ್ಕಾರ ಹೋಗಿ ಬರಲಿ, ಅವರಿಗೆ ಟಿಕೀಟ್ ಇಲ್ಲಲ್ಲ” ಅಂತ ಮಿಸ್ತ್ರಿಯೇ ದಾರಿ ತೋರಿಸಿದರು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಅಲ್ಲೇನ್ರಿ. ಆಧಾರ್ ಕಾರ್ಡಿನ ಜೊತೆ ಚೀಲದಲ್ಲಿ ಒಂದು ಮುರಿದ ಸ್ಟಡ್ಡು, ಒಂದು ಸಾಬೂತು ಸ್ಟಡ್ಡು ಹಾಕಿಕೊಂಡು ವಾಯವ್ಯ ಸಾರಿಗೆಯ ಬಸ್ ಹತ್ತಿದೆ. ಶಕ್ತಿ ಯೋಜನೆಯಲ್ಲಿ ಲಾರಿ ಸ್ಪೇರ್ ತರಲು ಹೋದವಳು ನಾನೊಬ್ಬಳೇ ಇರಬಹುದು.

ಸ್ಯಾಂಪಲ್ ಒಯ್ಯಲು ಹೇಳಿದ್ದಕ್ಕೆ ಕಾರಣ ಇತ್ತು. ಉದ್ದ, ದಪ್ಪ, ಥ್ರೆಡ್ ಅಷ್ಟೇ ಅಲ್ಲ, ಎಡ-ಬಲವೂ ನೋಡಬೇಕು. ಹಳೆಯ ಎಷ್ಟೋ ಲಾರಿಗಳಲ್ಲಿ ಎಡಗಡೆ ಗಾಲಿಯ ಸ್ಟಡ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಗಾಲಿ ಉರುಳುವ ದಿಕ್ಕಿಗೆ ನಟ್ಟು ಬಿಚ್ಚಿಕೊಳ್ಳಬಾರದು ಅಂತ. ಇದು ಗೊತ್ತಿಲ್ಲದ ಹುಡುಗರು ಬಿಚ್ಚುತ್ತೇವೆ ಅಂದುಕೊಂಡು ಇನ್ನಷ್ಟು ಬಿಗಿಯುತ್ತಾರೆ, ಕಡೆಗೆ ಸ್ಟಡ್ಡನ್ನೇ ಮುರಿಯುತ್ತಾರೆ. ಕಾರವಾರ ರಸ್ತೆಯ ಅಂಗಡಿಯವ ನನ್ನ ಕೈಯಲ್ಲಿನ ಸ್ಟಡ್ ನೋಡಿ, ನನ್ನನ್ನು ನೋಡಿ, “ಯಾರಾದ್ರೂ ಗಂಡಸರು ಬಂದಾರೇನ್ರಿ?” ಅಂತ ಕೇಳಿದ. ಬಂದಿಲ್ಲ ಅಂದೆ. ಸ್ಟಡ್ಡು, ಹೊಸ ನಟ್ಟು, ಗ್ರೀಸಿನ ಸೀಲು, ಸ್ಪ್ಲಿಟ್ ಪಿನ್ನು, ಗ್ರೀಸಿನ ಡಬ್ಬಿ. ಪಟ್ಟಿ ಓದಿ ಒಂದೊಂದೇ ಎಣಿಸಿಕೊಂಡೆ.

ವಾಪಸ್ ಬರುವಷ್ಟರಲ್ಲಿ ಬಲಗಡೆ ಹಬ್ ಹೊರಗೆ ಬಂದಿತ್ತು. ಬ್ರೇಕಿನ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಡ್ರಮ್ ಸಡಿಲ ಮಾಡಿ, ಟೋಪಿ ತೆಗೆದು, ಪಿನ್ನು ನೇರ ಮಾಡಿ ಎಳೆದು, ನಡುವಿನ ದೊಡ್ಡ ನಟ್ಟು ಬಿಚ್ಚಿದ್ದರು. ಕಳಚಿದ ಸಾಮಾನೆಲ್ಲ ಹಳೇ ಧೋತರದ ಮೇಲೆ ಕಳಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಕುಂತಿದ್ದವು, ಆರತಿಗೆ ತಾಟು ಜೋಡಿಸಿಟ್ಟಂಗ.

ಹಳೇ ಸ್ಟಡ್ಡುಗಳನ್ನು ಹಬ್ಬಿನ ಕೆಳಗೆ ಮರದ ಆಧಾರ ಕೊಟ್ಟು, ನಡುವೆ ಹಿತ್ತಾಳೆ ಸರಳು ಇಟ್ಟು ಸುತ್ತಿಗೆಯಿಂದ ಹೊಡೆದು ಹೊರಗೆ ಹಾಕಿದರು. ಸ್ಟಡ್ಡಿನ ತಲೆಯ ಹತ್ತಿರ ಸಣ್ಣ ಸಣ್ಣ ಹಲ್ಲುಗೆರೆ ಇರುತ್ತವೆ, ಅವು ಹಬ್ಬಿನ ರಂಧ್ರದಲ್ಲಿ ಕಚ್ಚಿ ಸ್ಟಡ್ ತಿರುಗದಂತೆ ಹಿಡಿಯುತ್ತವೆ. ಹೊಸದನ್ನು ಹಳೇ ಗೆರೆಗೆ ಗೆರೆ ಕೂಡಿಸಿ, ಸೊಟ್ಟ ಆಗದಂತೆ, ತಲೆ ಪೂರ್ತಿ ಕೂರುವವರೆಗೆ ಇಳಿಸಬೇಕು. ಕೆಲವರು ಗಾಲಿ ಹಾಕಿ ನಟ್ಟು ತಿರುಗಿಸಿಯೇ ಸ್ಟಡ್ಡನ್ನು ಎಳೆದುಕೊಳ್ಳುತ್ತಾರಂತೆ. ಹಂಗ ಮಾಡಿದರೆ ಹೊಸ ಸ್ಟಡ್ಡಿನ ಥ್ರೆಡ್ ಹಾಕುವಾಗಲೇ ಸೋಲುತ್ತದೆ, ತಲೆ ಅರ್ಧಕ್ಕೇ ನಿಂತರೂ ಗೊತ್ತಾಗುವುದಿಲ್ಲ. ರಂಧ್ರ ಸವೆದು ಸ್ಟಡ್ ಒಳಗೇ ತಿರುಗುತ್ತಿದ್ದರೆ ಹಬ್ಬೇ ಬದಲಿಸಬೇಕು. ವೆಲ್ಡಿಂಗ್ ಹಚ್ಚಿ ನಿಲ್ಲಿಸುವ ಮಾತನ್ನು ಮಿಸ್ತ್ರಿ ಕೇಳಿಸಿಕೊಳ್ಳಲೂ ತಯಾರಿರಲಿಲ್ಲ. ನಮ್ಮ ಹಬ್ಬಿನ ರಂಧ್ರಗಳು ಚೊಲೋ ಇದ್ದವು.

ಆಮೇಲೆ ಬೇರಿಂಗು. ಮುಂದಿನ ಹಬ್ಬಿನಲ್ಲಿ ಎರಡಿರುತ್ತವೆ, ಒಳಗಿನದು ದೊಡ್ಡದು, ಹೊರಗಿನದು ಸಣ್ಣದು. ಉರುಳೆಗಳು ಒಂದು ಕಡೆ ಸಪೂರ, ಅವು ಕುಂತಿರುವುದೂ ಓರೆಯಾಗಿ. ಓರೆ ಇರುವುದರಿಂದ ಮೇಲಿನ ಭಾರವನ್ನೂ ತಡೆಯುತ್ತವೆ, ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತನ್ನೂ ತಡೆಯುತ್ತವೆ. ಇದರ ಪೇಟೆಂಟನ್ನು 1898ರಲ್ಲಿ ಪಡೆದವರಲ್ಲಿ ಒಬ್ಬ ಹೆನ್ರಿ ಟಿಮ್ಕೆನ್ ಅಂತ ಅಮೆರಿಕದ ಕುದುರೆಗಾಡಿ ತಯಾರಕ. ಮೋಟಾರು ಗಾಡಿಯವನಲ್ಲ, ನಮ್ಮ ಬಡಿಗೇರರಂತೆ ಬಂಡಿಯವನು. ಈ ಕಥೆ ಹೇಳಿದಾಗ ಮಿಸ್ತ್ರಿಗೆ ಬಹಳ ಖುಷಿಯಾಯಿತು. ಅವರಪ್ಪ ಚಕ್ಕಡಿ ಗಾಲಿ ಮಾಡುತ್ತಿದ್ದರಂತೆ. ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಗಾಲಿ ಏರಿಸಿ, ಕಡೆಗೀಲು ಬಡಿದರೆ ಮುಗಿಯಿತು ಕೆಲಸ. “ಇಲ್ಲಿನೂ ಅದೇ ನೋಡ್ರಿ. ಅಚ್ಚು, ಎಣ್ಣಿ, ಕೀಲು. ವೇಗ ಹೆಚ್ಚಾತು ಅಷ್ಟ.”

ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಬೆಳಕಿಗೆ ಹಿಡಿದು ಒಂದೊಂದೇ ಉರುಳೆ ನೋಡಿದರು. ನೀಲಿ ಬಣ್ಣ ತಿರುಗಿದ್ದರೆ ಕಾದು ಸುಟ್ಟಿದೆ ಅಂತ, ಸಿಪ್ಪೆ ಎದ್ದಿದ್ದರೆ ಸೋತಿದೆ ಅಂತ. ಬಲಗಡೆಯವು ನಡೆಯುವಂತಿದ್ದವು. ಗ್ರೀಸು ತುಂಬುವುದನ್ನು ಮಾತ್ರ ನಾನು ಮರೆಯುವುದಿಲ್ಲ. ಎಡ ಅಂಗೈಯಲ್ಲಿ ಲಿಂಬೆಹಣ್ಣಿನಷ್ಟು ಗ್ರೀಸು, ಬಲಗೈಯಲ್ಲಿ ಬೇರಿಂಗು. ಅದರ ಅಗಲದ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೆಯುತ್ತಾರೆ, ಉರುಳೆಗಳ ಸಂದಿಯಿಂದ ಗ್ರೀಸು ಆಚೆ ಕಡೆ ಶಾವಿಗೆಯಂತೆ ಹೊರಬರುವವರೆಗೆ. ಮೇಲೆ ಸವರಿದರೆ ಸಾಲದು. ಹಂಗಂತ ಹಬ್ಬಿನ ಹೊಟ್ಟೆ ಪೂರ್ತಿ ತುಂಬಿದರೂ ತಪ್ಪು. ಕಾದ ಗ್ರೀಸಿಗೆ ಜಾಗ ಸಾಲದೆ ಸೀಲು ದಾಟಿ ಬ್ರೇಕ್ ಲೈನರಿಗೆ ಬರುತ್ತದೆ, ಆಮೇಲೆ ಬ್ರೇಕು ಹಿಡಿಯುವುದಿಲ್ಲ. ಹಳೇ ಗ್ರೀಸಿನ ಮೇಲೆ ಬೇರೆ ಜಾತಿಯದು ಹಾಕಬಾರದು, ಎಲ್ಲ ತೊಳೆದೇ ಹಾಕಬೇಕು. ಹೊಸ ಸೀಲಿನ ತುಟಿ ಒಳಮುಖಕ್ಕೆ, ಗ್ರೀಸಿನ ಕಡೆಗೆ. ಮರದ ತುಂಡು ಇಟ್ಟು ಸುತ್ತಲೂ ಸಮ ಬಡಿದು ಕೂರಿಸಿದರು.

ಹಬ್ ಏರಿಸಿದ ಮೇಲೆ ನಡುವಿನ ನಟ್ಟು. ಇದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಹಬ್ಬನ್ನು ಎರಡೂ ದಿಕ್ಕಿಗೆ ತಿರುಗಿಸುತ್ತಾ ನಟ್ಟು ಬಿಗಿಯುತ್ತಾ ಹೋದರು. ಉರುಳೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಕೂತು, ಹಬ್ ತಿರುಗಲು ಭಾರ ಆಯಿತು. ಅಲ್ಲಿಂದ ತುಸುವೇ ತುಸು ಹಿಂದಕ್ಕೆ ಬಿಟ್ಟರು. ಬೇರಿಂಗಿಗೆ ಉಸಿರಾಡಲು ಜಾಗ ಬೇಕು, ಲಾರಿಯ ಲೆಕ್ಕದಲ್ಲಿ ಅದು ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಎರಡರಿಂದ ಹನ್ನೆರಡು ಪಾಲಿನಷ್ಟು. ದೊಡ್ಡ ವರ್ಕ್‌ಶಾಪುಗಳಲ್ಲಿ ಡಯಲ್ ಗೇಜ್ ಇಟ್ಟು ಅಳೆಯುತ್ತಾರೆ, ಅದೇ ಸರಿಯಾದ ಕ್ರಮ. ಬಮ್ಮಿಗಟ್ಟಿಯ ಚಪ್ಪರದಲ್ಲಿ ಇದ್ದದ್ದು ನಲವತ್ತು ವರ್ಷದ ಎರಡು ಕೈ. ಕಣ್ಣು ಮುಚ್ಚಿ ಹಬ್ಬನ್ನು ಹಿಂದೆ ಮುಂದೆ ಅಲುಗಿಸಿದರು, ನಟ್ಟು ಕೂದಲಷ್ಟು ತಿರುಗಿಸಿದರು, ಮತ್ತೆ ಅಲುಗಿಸಿದರು. ಪಿನ್ನಿನ ರಂಧ್ರ ಕೂಡಿದ ಮೇಲೆ ಹೊಸ ಪಿನ್ನು ಹಾಕಿ ಎರಡೂ ಕಾಲು ಮಡಚಿದರು. ಕೆಲವು ಗಾಡಿಗಳಿಗೆ ಪಿನ್ನಿನ ಬದಲು ಮಡಚುವ ವಾಶರ್ ಇರುತ್ತದೆ. ಯಾವುದೇ ಇರಲಿ, ಹಳೆಯದನ್ನು ಮತ್ತೆ ಹಾಕುವುದಿಲ್ಲ.

ಅಷ್ಟಕ್ಕೆ ಹೊತ್ತು ಮುಳುಗಿತ್ತು. ತಮ್ಮ ಗಾಲಿ ಏರಿಸಿ ಬೆಳಿಗ್ಗೆ ಲೋಡ್ ಮಾಡೋಣ ಅಂದ. ಅದೇ ಹೊತ್ತಿಗೆ ಅಪ್ಪನ ಫೋನು. ಎಪ್ಪತ್ತಾರು ವಯಸ್ಸು, ಕಿವಿ ಮಂದ. ನಾವು ಹೇಳಿದ್ದೆಲ್ಲ ಕೇಳಿ ಒಂದೇ ಮಾತು: “ಎಡಗಡೀದು ಬಿಚ್ಚಿದ್ರೇನು?”

ಬಿಚ್ಚಿರಲಿಲ್ಲ. ಹೊರಗಿನಿಂದ ಎಡಗಡೆಯದು ಹೊಸದರಂತೆ ಕಾಣುತ್ತಿತ್ತು, ಸ್ಟಡ್ಡು ಎಲ್ಲಾ ಇದ್ದವು, ತುಕ್ಕಿನ ಗೆರೆ ಇರಲಿಲ್ಲ. ತಮ್ಮನಿಗೆ ರೇಗಿತು. ಮಿಸ್ತ್ರಿ ಮಾತಾಡದೆ ಎಡಗಡೆ ಜಾಕಿ ಏರಿಸಿ, ಗಾಲಿಯ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಇಟ್ಟು ಅಲುಗಿಸಿದರು. ಕಟ್ ಕಟ್ ಅಂತ ಆಡಿತು. “ಬ್ರೇಕ್ ತುಳೀರಿ.” ತಮ್ಮ ತುಳಿದ. ಆಟ ನಿಂತುಹೋಯಿತು. ಬ್ರೇಕು ತುಳಿದಾಗ ಆಟ ನಿಂತರೆ ತಪ್ಪು ಬೇರಿಂಗಿನಲ್ಲಿ, ತುಳಿದರೂ ಆಡುತ್ತಿದ್ದರೆ ಕಿಂಗ್‌ಪಿನ್ನಿನಲ್ಲಿ. ಇಷ್ಟು ಸರಳ ಪರೀಕ್ಷೆ, ಯಾರು ಬೇಕಾದರೂ ಮನೆ ಮುಂದೆ ಮಾಡಬಹುದು.

ಮರುದಿನ ಬೆಳಕು ಹರಿಯುತ್ತಲೇ ಟೋಪಿ ತೆಗೆದರು. ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಒಂದು ಮೊಳೆ ಇತ್ತು. ಬಾಗಿಲಿಗೆ ಬಡಿಯುವ ಸಾದಾ ಮೊಳೆ, ಒಂದು ಕಡೆ ಬಗ್ಗಿಸಿ ಬಿಟ್ಟದ್ದು, ಸವೆದು ಸವೆದು ಅರ್ಧಕ್ಕೆ ಬಂದಿತ್ತು. ಹಿಂದಿನ ವರ್ಷ ಯಾವುದೋ ಗ್ಯಾರೇಜಿನಲ್ಲಿ ಗ್ರೀಸ್ ಹಾಕಿಸಿದಾಗ ಪಿನ್ನು ಸಿಗದೆ ಅದನ್ನೇ ತುರುಕಿದ್ದರು. ನಟ್ಟು ಹಿಂದೆ ಸರಿದಿತ್ತು. ಹೊರಗಿನ ಬೇರಿಂಗಿನ ಕಪ್ಪು ಸಿಪ್ಪೆ ಎದ್ದು, ಉರುಳೆ ನೀಲಿಗಟ್ಟಿದ್ದವು. ತಮ್ಮ ಆ ಮೊಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವನ ಇಬ್ಬರು ಮಕ್ಕಳು ರಜೆಯಲ್ಲಿ ಇದೇ ಕ್ಯಾಬಿನ್ನಿನಲ್ಲಿ ಕೂತು ಅವನ ಜೊತೆ ಗೋವಾಕ್ಕೆ ಹೋಗಿ ಬಂದಿದ್ದರು, ಘಟ್ಟ ಇಳಿದು.

ಬೇರಿಂಗಿನ ಕಪ್ಪು ಮತ್ತು ಕೋನು ಜೋಡಿಯಾಗಿಯೇ ಬದಲಿಸಬೇಕು, ಒಂದು ಹಳೆಯದು ಒಂದು ಹೊಸದು ನಡೆಯುವುದಿಲ್ಲ. ಮುಖದ ಮೇಲೆ ಕೆತ್ತಿದ ನಂಬರು ಬರೆದುಕೊಂಡು ಮತ್ತೆ ಬಸ್ ಹತ್ತಿದೆ. ಎರಡನೇ ಸಲ ಅಂಗಡಿಯವ ಕುರ್ಚಿ ಹಾಕಿ ಚಹಾ ತರಿಸಿದ. ಅರ್ಧ ರೇಟಿಗೆ ಇನ್ನೊಂದು ಡಬ್ಬಿಯೂ ಇದೆ ಅಂದ, ಬೇಡ ಅಂದೆ. ಬಸ್ಸಿನಲ್ಲಿ ಬರುವಾಗ ಆ ಭಾರದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಎರಡೂ ಗಾಲಿ ಏರಿದವು. ರಿಮ್ಮು ತಾಗುವ ಮುಖವನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ಬರೀ ಲೋಹ ಮಾಡಿದರು. ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಎದುರುಬದುರಿಗೆ, ಮೂರು ಸುತ್ತಿನಲ್ಲಿ, ಮೀಟರುದ್ದದ ಒಂದೇ ಪೈಪಿನಿಂದ. ಹಮಾಲರು ಚೀಲ ಏರಿಸುವಷ್ಟರಲ್ಲಿ ಮಿಸ್ತ್ರಿ ಕೈ ತೊಳೆದು ಉಣ್ಣಾಕ ಕುಂತಿದ್ದರು. ಅವರು ಕೇಳಿದ ಮಜೂರಿ ಒಂದು ಟೈರಿನ ರೇಟಿನ ಹತ್ತಿರಕ್ಕೂ ಬರಲಿಲ್ಲ, ತಮ್ಮ ತಾನಾಗೇ ಹೆಚ್ಚಿಗೆ ಕೊಟ್ಟ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. ಚಪ್ಪರದಲ್ಲಿ ಕಲಿಯುವ ಹುಡುಗರು ಯಾರೂ ಇಲ್ಲ.

ಕಲಘಟಗಿಯಲ್ಲಿ ತೊಟ್ಟಿಲು ನೋಡಲು ಅರ್ಧ ತಾಸು ಸಿಕ್ಕಿತು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣದ, ಕೃಷ್ಣನ ಕಥೆಯ ಚಿತ್ರ. ಮೂರು ತಲೆಮಾರು ತೂಗಿದ ತೊಟ್ಟಿಲುಗಳು ನಮ್ಮ ಕಡೆ ಮನೆಮನೆಯಲ್ಲಿವೆ. ಮುಂಗಡ ಕೊಟ್ಟು ಹೊರಟೆವು.

ಹುಬ್ಬಳ್ಳಿ ಮುಟ್ಟಿದಾಗ ತಮ್ಮ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿದ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಅಮರಗೋಳದಲ್ಲಿ ಜೋಳ ಇಳಿಸಿ ರಾತ್ರಿ ಖಾಲಿ ಗಾಡಿಯಲ್ಲಿ ಊರ ಕಡೆ ಹೊರಟೆವು. ಹೊಸ ಸ್ಟಡ್ ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರಿನೊಳಗೆ ಇನ್ನೊಮ್ಮೆ ಬಿಗಿಯಬೇಕು ಅಂತ ಮಿಸ್ತ್ರಿ ಎರಡೆರಡು ಸಲ ಹೇಳಿದ್ದರು. ನಲವಡಿ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ, ನಾನು ಮೊಬೈಲ್ ಬೆಳಕು ಹಿಡಿದೆ, ಅವನು ಪಾನಾ ಹಾಕಿದ. ಎರಡು ನಟ್ಟು ಕಾಲು ಸುತ್ತು ತಿರುಗಿದವು, ಉಳಿದವು ಅಲುಗಲಿಲ್ಲ.

ಅಪ್ಪ ಎಚ್ಚರವಿದ್ದರು. ತಮ್ಮ ಕಿಸೆಯಿಂದ ಮೊಳೆ ತೆಗೆದು ಅವರ ಅಂಗೈಯಲ್ಲಿಟ್ಟ. ಅವರು ಕನ್ನಡಕ ಹಾಕಿಕೊಂಡು ನೋಡಿ, ಕಿಟಕಿಯ ಸಂದಿಯಲ್ಲಿ ಇಟ್ಟರು. ಎಫ್.ಸಿ. ಜನವರಿಗೆ ಇದೆ. ಗುಜರಿ ಮಾತು ತಮ್ಮ ಇನ್ನೂ ಎತ್ತಿಲ್ಲ.